ಸ್ಪ್ರೇ ಗನ್ನಿನ ಸ್ಲಾಟ್ ಫಿಲ್ಟರ್: ಕಡಿಮೆ ಖರ್ಚಿನಲ್ಲಿ ಇಲ್ಲೇ ಮಾಡುವ ದಾರಿ ಉಂಟಾ?

ಪೆರ್ಲ ವರ್ಕ್‌ಶಾಪ್

ಎಲ್ಲರಿಗೂ ನಮಸ್ಕಾರ. ನನ್ನದು ಪೆರ್ಲ ಹತ್ತಿರ ಒಂದು ಸಣ್ಣ ವರ್ಕ್‌ಶಾಪು. ಪಂಪು ರಿಪೇರಿ, ವೆಲ್ಡಿಂಗು, ಮಳೆಗಾಲಕ್ಕೆ ಮುಂಚೆ ಪವರ್ ಸ್ಪ್ರೇಯರ್ ಸರ್ವಿಸು. ಈಗ ಒಂದು ಚಿಕ್ಕ ಸಾಮಾನಿನ ವಿಷಯಕ್ಕೆ ನಿಮ್ಮೆಲ್ಲರ ಸಹಾಯ ಬೇಕು.

ಅಡಿಕೆಗೆ ಮೈಲುತುತ್ತು, ಸುಣ್ಣ ಕಲಸಿದ ಮದ್ದು (ಬೋರ್ಡೋ ದ್ರಾವಣ) ಬಿಡುವ ಗನ್ನಿನಲ್ಲಿ ನಾಝಲ್‌ನ ಹಿಂದೆಯೇ ಒಂದು ಲೋಹದ ಫಿಲ್ಟರ್ ಕೂರುತ್ತದೆ. ದುಂಡಗಿನ ಬಿಲ್ಲೆ, ಅದರಲ್ಲಿ ಸಾಲಾಗಿ ಸಪೂರ ಸೀಳುಗಳು. ಸುಣ್ಣದ ಹರಳು, ಕಸ ಮುಂದೆ ಹೋಗದ ಹಾಗೆ ತಡೆಯುವುದು ಅದರ ಕೆಲಸ. ಹೊಸ ಗನ್ನಿನ ಜೊತೆ ಒಂದು ಬರುತ್ತದೆ. ಅದು ಹಾಳಾದರೆ ಬಿಡಿಯಾಗಿ ಸಿಗುವುದು ಕಷ್ಟ, ಸಿಕ್ಕರೂ ರೇಟು ಜಾಸ್ತಿ. ಹಾಗಾಗಿ ಸುಮಾರು ಜನ ಫಿಲ್ಟರ್ ತೆಗೆದಿಟ್ಟು ಹಾಗೇ ಮದ್ದು ಬಿಡುತ್ತಾರೆ. ಆಮೇಲೆ ಮರದ ಮೇಲೆ ಕೂತವನ ಕೈಯಲ್ಲಿ ನಾಝಲ್ ಕಸ ಸಿಕ್ಕಿ ಕಟ್ಟಿಕೊಳ್ಳುತ್ತದೆ. ಅಲ್ಲೇ ಬಿಚ್ಚಿ ಬಾಯಿಂದ ಊದಿ ಬಿಡಿಸುವವರನ್ನೂ ನೋಡಿದ್ದೇನೆ. ಮೈಲುತುತ್ತು ಬಾಯಿಗೆ ಹೋಗುವುದು ಸಣ್ಣ ಸಂಗತಿ ಅಲ್ಲ. ನಲುವತ್ತು ಐವತ್ತು ಅಡಿ ಎತ್ತರದಲ್ಲಿ ಎರಡೂ ಕೈ ಬಿಟ್ಟು ನಾಝಲ್ ಬಿಚ್ಚುವುದಂತೂ ಇನ್ನೂ ಅಪಾಯ.

ಗಿರಾಕಿಯೊಬ್ಬರು ಕೊಟ್ಟ ಸ್ಯಾಂಪಲ್ಲಿನ ಅಳತೆ ಹೀಗಿದೆ. 304 ಸ್ಟೇನ್‌ಲೆಸ್ ತಗಡು, 0.5 ಮಿಮೀ ದಪ್ಪ, 20 ಮಿಮೀ ವ್ಯಾಸ. ಸುಮಾರು 40 ಸೀಳು. ಒಂದೊಂದು 6 ಮಿಮೀ ಉದ್ದ, 0.3 ಮಿಮೀ ಅಗಲ. ಲೇಸರ್ ಕಟಿಂಗ್‌ನವರ ಹತ್ತಿರ ವಿಚಾರಿಸಿದೆ. ಅವರು ಹೇಳಿದ ದರಕ್ಕೆ ಮಾಡಿಸಿದರೆ ಅಂಗಡಿಯ ಫಿಲ್ಟರ್‌ಗಿಂತ ದುಬಾರಿ. ತಗಡಿನ ಲೆಕ್ಕ ಹಾಕಿ ನೋಡಿದೆ. 22 ಮಿಮೀ ಚೌಕದಲ್ಲಿ ಒಂದು ಬಿಲ್ಲೆ ಅಂತ ಹಿಡಿದರೂ 2 ಗ್ರಾಮ್ ಸ್ಟೀಲ್ ಸಾಕು. ಸಾವಿರ ಬಿಲ್ಲೆಗೆ ಬರೀ 2 ಕೆಜಿ. ಅಂದರೆ ದುಡ್ಡು ಹೋಗುವುದು ತಗಡಿಗಲ್ಲ, ಸೀಳು ಹಾಕುವುದಕ್ಕೆ.

ಮೊದಲಿಗೆ ಐನೂರು ಬೇಕು. ಸರಿ ಬಂದರೆ ಮುಂದೆ ಜಾಸ್ತಿ. ಮೊದಲ ಮದ್ದು ಬಿಡುವ ಹೊತ್ತಿಗೆ, ಅಂದರೆ ಮಳೆ ಹಿಡಿಯುವ ಮುಂಚೆ ಕೈಗೆ ಸಿಗಬೇಕು. ತಿಳಿದವರು ದಾರಿ ಹೇಳಿ.

ಮುಳ್ಳೇರಿಯ ತೋಟ

ತಮ್ಮಾ, ನೀವು ಬರೆದದ್ದು ನಮ್ಮ ತೋಟದ್ದೇ ಕತೆ. ನಮ್ಮಲ್ಲಿ ಈಗ ಮರ ಹತ್ತುವವರು ಸಿಗುವುದಿಲ್ಲ, ಕಾರ್ಬನ್ ಫೈಬರ್ ದೋಟಿಯಲ್ಲಿ ಕೆಳಗಿನಿಂದಲೇ ಮದ್ದು ಬಿಡುವುದು. ನಾಝಲ್ ಕಟ್ಟಿದರೆ ಅಷ್ಟುದ್ದದ ದೋಟಿಯನ್ನು ಮರಗಳ ಎಡೆಯಿಂದ ಮೆಲ್ಲ ಇಳಿಸಬೇಕು, ಪೈಪು ಸಿಕ್ಕಿಕೊಳ್ಳದ ಹಾಗೆ ನೋಡಬೇಕು, ಬಿಚ್ಚಬೇಕು, ತೊಳೆಯಬೇಕು, ಪುನಃ ಎತ್ತಬೇಕು. ಮೋಡ ಕಟ್ಟಿಕೊಂಡು ಬರುವಾಗ ಇದೆಲ್ಲ ಮಾಡುವ ಸಂಕಟ ತೋಟದವರಿಗೇ ಗೊತ್ತು. ಮದ್ದು ಎಲೆಯಲ್ಲಿ ಒಣಗುವಷ್ಟಾದರೂ ಬಿಸಿಲು ಸಿಗಬೇಕಲ್ವಾ.

ನನ್ನ ಪ್ರಶ್ನೆ ಇಷ್ಟೇ. ಸ್ಟೀಲಿನ ಬಲೆ ಮೀಟರ್ ಲೆಕ್ಕದಲ್ಲಿ ಸಿಗುತ್ತದಲ್ಲ? ಡ್ರಿಪ್ ಫಿಲ್ಟರ್‌ನಲ್ಲಿ 120 ಮೆಷ್ ಬಲೆ ಇರುತ್ತದೆ. ಅದನ್ನೇ ದುಂಡಗೆ ಕತ್ತರಿಸಿ ಹಾಕಿದರೆ ಆಗದಾ?

ಪೆರ್ಲ ವರ್ಕ್‌ಶಾಪ್

ಅಕ್ಕಾ, ಬಲೆ ಹಾಕಿ ನೋಡಿಯಾಗಿದೆ. ಎರಡು ತೊಂದರೆ. ಸುಣ್ಣದ ನುಣ್ಣನೆಯ ಗಸಿ ತಂತಿಯ ಹೆಣಿಗೆಯೊಳಗೆ ಕೂತು ಗಟ್ಟಿಯಾಗುತ್ತದೆ. ಬ್ರಷ್ಷಿನಲ್ಲಿ ಉಜ್ಜಿದರೆ ತಂತಿ ಆಚೀಚೆ ಸರಿದು ಕಣ್ಣು ದೊಡ್ಡದಾಗುತ್ತದೆ. ಸೀಳಿನದ್ದಾದರೆ ಬ್ರಷ್ಷನ್ನು ಒಂದೇ ದಿಕ್ಕಿಗೆ ಎಳೆದರೆ ಕ್ಲೀನ್.

ಎರಡನೆಯದು ಒತ್ತಡ. ನಮ್ಮ ಪಂಪುಗಳು ಚದರ ಸೆಂಟಿಮೀಟರಿಗೆ 30 ಕೆಜಿ ಆಸುಪಾಸು ಕೊಡುತ್ತವೆ. ನೀರು ಸಲೀಸಾಗಿ ದಾಟುವಾಗ ಫಿಲ್ಟರಿಗೆ ಏನೂ ಭಾರ ಇಲ್ಲ. ಕಟ್ಟಿಕೊಂಡಾಗ ಮಾತ್ರ ಪೂರ್ತಿ ಒತ್ತಡ ಅದರ ಮೇಲೆಯೇ. 20 ಮಿಮೀ ಬಿಲ್ಲೆ ಅಂದರೆ 3 ಚದರ ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ಲೆಕ್ಕ ಹಾಕಿದರೆ ತೊಂಬತ್ತು ಕೆಜಿ ಮೇಲೆ ಬರುತ್ತದೆ. ಸಪೂರ ಬಲೆ ಉಬ್ಬಿ ಅಂಚಿನಲ್ಲಿ ಹರಿಯುತ್ತದೆ.

ಮಂಜೇಶ್ವರ ಸಿಎನ್‌ಸಿ

ನಾನು ಬೈಕಂಪಾಡಿಗೆ ದಿನಾ ಹೋಗಿ ಬರುವವನು. ಫೈಬರ್ ಲೇಸರ್ ಮೆಷಿನ್ನಿನಲ್ಲೇ ಕೆಲಸ. ಲೇಸರ್‌ನವರು ಜಾಸ್ತಿ ಕೇಳಿದ್ದು ಯಾಕೆ ಅಂತ ಹೇಳುತ್ತೇನೆ.

ಲೇಸರಿನಲ್ಲಿ ಉದ್ದಕ್ಕೆ ಕತ್ತರಿಸುವುದು ಬೇಗ ಆಗುತ್ತದೆ. ಸಮಯ ತಿನ್ನುವುದು ತೂತು ತೆರೆಯುವ ಕೆಲಸ. ಒಂದೊಂದು ಸೀಳಿಗೂ ಹೆಡ್ ಬಂದು ನಿಲ್ಲಬೇಕು, ತಗಡು ಚುಚ್ಚಬೇಕು, ಸುತ್ತ ಕತ್ತರಿಸಬೇಕು, ಎದ್ದು ಮುಂದಿನದಕ್ಕೆ ಹೋಗಬೇಕು. ಒಂದಕ್ಕೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಬಿಲ್ಲೆಗೆ 40 ಸೀಳು, ಸಾವಿರ ಬಿಲ್ಲೆಗೆ 40,000 ಸೀಳು. ಬರೀ ಸೀಳಿಗೇ 11 ಗಂಟೆ ಮೆಷಿನ್ ಓಡಬೇಕು. ಅದರ ಮೇಲೆ ಗ್ಯಾಸು. ಸ್ಟೇನ್‌ಲೆಸ್ಸಿನ ಅಂಚು ಬೆಳ್ಳಗೆ ಬರಬೇಕಾದರೆ ನೈಟ್ರೋಜನ್ ಬೇಕು, ಆಕ್ಸಿಜನ್ನಿನಲ್ಲಿ ಕತ್ತರಿಸಿದರೆ ಕಪ್ಪಾಗುತ್ತದೆ. ಸೀಳು ಒತ್ತೊತ್ತಾಗಿರುವುದರಿಂದ ಶಾಖಕ್ಕೆ ಬಿಲ್ಲೆ ಸೊಟ್ಟ ಆಗುವುದೂ ಉಂಟು. ಕೆಳಗಡೆ ಕರಗಿದ ಲೋಹದ ಮುಳ್ಳು ನಿಂತರೆ ಅದನ್ನು ಉಜ್ಜಿ ತೆಗೆಯುವ ಕೂಲಿ ಬೇರೆ.

ಲೇಸರಿನಲ್ಲೇ ಮಾಡಿಸುವುದಾದರೆ ಸೀಳಿನ ಸಂಖ್ಯೆ ಇಳಿಸಿ. 6 ಮಿಮೀಯ ಎರಡು ಸೀಳಿನ ಬದಲು 12 ಮಿಮೀಯ ಒಂದು. ಚುಚ್ಚುವ ಕೆಲಸ ಅರ್ಧ ಆಗುತ್ತದೆ, ರೇಟೂ ಇಳಿಯುತ್ತದೆ.

ಬದಿಯಡ್ಕ ಮಾಷ್ಟ್ರು

ಇನ್ನೊಂದು ದಾರಿ ಉಂಟು. ಫೋಟೋ ಎಚ್ಚಿಂಗ್. ತಗಡಿನ ಎರಡೂ ಬದಿಗೆ ಬೆಳಕಿಗೆ ಗಟ್ಟಿಯಾಗುವ ಫಿಲ್ಮ್ ಅಂಟಿಸಿ, ನಕ್ಷೆ ಮೂಡಿಸಿ, ಸೀಳು ಬೇಕಾದ ಕಡೆ ಮಾತ್ರ ಬಯಲಾಗಿಟ್ಟು, ಬಿಸಿ ಫೆರಿಕ್ ಕ್ಲೋರೈಡ್ ದ್ರಾವಣ ಚಿಮುಕಿಸುತ್ತಾರೆ. ಬಯಲಾದ ಲೋಹ ಕರಗಿ ಹೋಗುತ್ತದೆ. ಶಾಖ ಇಲ್ಲ, ಮುಳ್ಳು ಇಲ್ಲ, ತಗಡು ಸೊಟ್ಟ ಆಗುವುದಿಲ್ಲ. ಇದರ ದೊಡ್ಡ ಗುಣ ಅಂದರೆ ದರ ನಿಲ್ಲುವುದು ಹಾಳೆಯ ಅಳತೆ ಮತ್ತು ದಪ್ಪದ ಮೇಲೆ. ಸೀಳು ನಾಲ್ಕಿದ್ದರೂ ನಾನೂರಿದ್ದರೂ ಕರಗುವ ಹೊತ್ತು ಒಂದೇ. ಡೈ (ತಗಡಿಗೆ ತೂತು ಹೊಡೆಯುವ ಅಚ್ಚು) ಮಾಡಿಸುವ ಖರ್ಚಿಲ್ಲ, ಫಿಲ್ಮ್ ಪ್ರಿಂಟ್ ಹಾಕಿಸಿದರೆ ಸಾಕು. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಿದ್ದಾರೆ.

ಒಂದು ಮಿತಿ ಉಂಟು. ದ್ರಾವಣ ಕೆಳಕ್ಕೆ ಇಳಿಯುವಾಗ ಬದಿಗೂ ತಿನ್ನುತ್ತದೆ. ಅದಕ್ಕೇ ತಗಡಿನ ದಪ್ಪಕ್ಕಿಂತ ಸಪೂರದ ಸೀಳು ತೆಗೆಯಲಿಕ್ಕೆ ಆಗುವುದಿಲ್ಲ, ಸ್ವಲ್ಪ ಜಾಸ್ತಿಯೇ ಇಡಬೇಕು. 0.3 ಮಿಮೀ ಸೀಳು ಬೇಕಾದರೆ ತಗಡು 0.25 ಅಥವಾ ಅದಕ್ಕಿಂತ ತೆಳು. ಆಗ ನೀವು ಹೇಳಿದ ತೊಂಬತ್ತು ಕೆಜಿ ಅದು ತಡೆಯುವುದಿಲ್ಲ. ಹಿಂದೆ ದೊಡ್ಡ ತೂತಿನ ದಪ್ಪ ಬಿಲ್ಲೆಯೊಂದನ್ನು ಆಸರೆಗೆ ಕೊಡಬೇಕಾಗುತ್ತದೆ.

ಕುಂಬಳೆ ಎಲೆಕ್ಟ್ರಾನಿಕ್ಸ್

ಮಾಷ್ಟ್ರೇ, ಫೆರಿಕ್ ಕ್ಲೋರೈಡ್ ನಮ್ಮ ಅಂಗಡಿಯಲ್ಲೇ ಉಂಟು. ಸರ್ಕ್ಯೂಟ್ ಬೋರ್ಡಿಗೆ ಬಳಸುತ್ತೇವೆ. ಮನೆ ಹಿಂದೆ ಎರಡು ಪ್ಲಾಸ್ಟಿಕ್ ತೊಟ್ಟಿ ಇಟ್ಟರೆ ನಾವೇ ಮಾಡಬಹುದಲ್ವಾ? ಖರ್ಚು ತುಂಬಾ ಕಡಿಮೆ ಆಗುತ್ತದೆ.

ಬದಿಯಡ್ಕ ಮಾಷ್ಟ್ರು

ದಯವಿಟ್ಟು ಬೇಡ. ಮಾಡಲಿಕ್ಕೆ ಆಗುವುದಿಲ್ಲ ಅಂತಲ್ಲ, ಕೆಲಸ ಮುಗಿದ ಮೇಲೆ ಆ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಸ್ಟೇನ್‌ಲೆಸ್ ಕರಗಿಸಿದ ದ್ರಾವಣದಲ್ಲಿ ಕಬ್ಬಿಣ ಮಾತ್ರ ಅಲ್ಲ, ಕ್ರೋಮಿಯಂ, ನಿಕಲ್ ಎಲ್ಲ ಇರುತ್ತದೆ. 304 ಅಂದರೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. ಸುಣ್ಣ ಹಾಕಿ ತಳಕ್ಕಿಳಿಸಿದರೂ ಆ ಕೆಸರು ವಿಷವೇ. ನಮ್ಮದು ಮುರಕಲ್ಲಿನ ನೆಲ, ನೀರನ್ನು ಹೀರಿ ಒಳಗೆ ಬಿಡುತ್ತದೆ. ಬಾಯಾರು, ಪಡ್ರೆ ಕಡೆ ಗುಡ್ಡ ಕೊರೆದ ಸುರಂಗದ ನೀರನ್ನೇ ಕುಡಿಯುವ ಮನೆಗಳಿವೆ. ಗುಡ್ಡದ ಮೇಲೆ ಚೆಲ್ಲಿದ್ದು ಕೆಳಗಿನವರ ಕೊಡಕ್ಕೆ ಬರುತ್ತದೆ.

ಎಂಡೋಸಲ್ಫಾನ್ ಇಪ್ಪತ್ತು ವರ್ಷ ಆಕಾಶದಿಂದ ಸುರಿದ ಊರು ನಮ್ಮದು. ಅದರ ನೋವು ಇವತ್ತಿಗೂ ಮನೆಗಳಲ್ಲಿ ಮಲಗಿಕೊಂಡಿದೆ. ಎಚ್ಚಿಂಗ್ ಬೇಕಾದರೆ ಕೊಳಚೆ ಶುದ್ಧ ಮಾಡುವ ವ್ಯವಸ್ಥೆ ಇರುವ ಕಾರ್ಖಾನೆಯಲ್ಲೇ ಮಾಡಿಸಿ.

ಮುಳ್ಳೇರಿಯ ತೋಟ

ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಖರ್ಚು ಉಳಿಯುತ್ತದೆ ಅಂತ ಬಾವಿ ನೀರು ಕೆಡಿಸುವ ಕೆಲಸಕ್ಕೆ ಯಾರೂ ಕೈ ಹಾಕಬೇಡಿ.

ಹೊಸೂರು ಟೂಲ್‌ರೂಮ್

ನಾನು ಹೊಸೂರಿನಲ್ಲಿ ಡೈ ಮಾಡುವ ಕೆಲಸದಲ್ಲಿದ್ದೇನೆ. ಎಲ್ಲರೂ ಯಾವ ಮೆಷಿನ್ ಅಂತ ಯೋಚಿಸುತ್ತಿದ್ದೀರಿ. ನನಗೆ ಅದಕ್ಕಿಂತ ಮುಂಚಿನ ಪ್ರಶ್ನೆ ಇದೆ. 0.3 ಮಿಮೀ ಸೀಳು ಯಾಕೆ ಬೇಕು? ನಾಝಲ್ ತೂತು ಎಷ್ಟು?

ಕೇಳುವ ಕಾರಣ ಇದೆ. ಪಂಚಿಂಗ್ ಮಾಡುವಾಗ ಸೀಳಿನ ಅಗಲ ತಗಡಿನ ದಪ್ಪಕ್ಕಿಂತ ಕಡಿಮೆ ಇರಬಾರದು. ಸ್ಟೇನ್‌ಲೆಸ್ ಆದರೆ ಒಂದೂವರೆ ಪಟ್ಟು ಇದ್ದರೆ ಒಳ್ಳೆಯದು. 0.5 ತಗಡಿನಲ್ಲಿ 0.3 ಸೀಳು ಹೊಡೆಯಲು ಹೋದರೆ ಪಂಚ್ ಬ್ಲೇಡಿನ ಹಾಗೆ ಸಪೂರ ಆಗುತ್ತದೆ, ಪಟಪಟ ಮುರಿಯುತ್ತದೆ. ಅದೇ 0.8 ಸೀಳು ಸಾಕು ಅಂತಾದರೆ ಸಾಧಾರಣ ಡೈ, ಸಾಧಾರಣ ಪ್ರೆಸ್ಸು, ಒಂದು ಏಟಿಗೆ ಒಂದು ಬಿಲ್ಲೆ. ನೀವು ಕೇಳಿದ ಆ ಅರ್ಧ ಮಿಲಿಮೀಟರಿನ ವ್ಯತ್ಯಾಸಕ್ಕೇ ನೀವು ದುಡ್ಡು ಕೊಡುತ್ತಿರುವುದು.

ವೈರ್‌ಕಟ್, ಅಂದರೆ ವಿದ್ಯುತ್ ಕಿಡಿ ಹಾರಿಸುವ ತಂತಿಯಿಂದ ಕತ್ತರಿಸುವುದು, ಅದರ ಬಗ್ಗೆಯೂ ಹೇಳಿಬಿಡುತ್ತೇನೆ, ಯಾರಾದರೂ ಕೇಳಿಯೇ ಕೇಳುತ್ತೀರಿ. 40 ತಗಡು ಒತ್ತಿ ಕಟ್ಟಿ ಒಂದೇ ಸಲಕ್ಕೆ ಕತ್ತರಿಸಬಹುದು. ಆದರೆ ಎರಡೂ ತುದಿ ಮುಚ್ಚಿದ ಸೀಳಿಗೆ ಮೊದಲು ಒಂದು ತೂತು ಕೊರೆದು ತಂತಿ ಪೋಣಿಸಬೇಕು. ಆ ತೂತೇ ಸೀಳಿಗಿಂತ ದೊಡ್ಡದಾಗಿಬಿಡುತ್ತದೆ. ಈ ಕೆಲಸಕ್ಕೆ ಅದು ಹೊಂದುವುದಿಲ್ಲ.

ಪೆರ್ಲ ವರ್ಕ್‌ಶಾಪ್

ಸರ್, ಒಳ್ಳೆ ಪ್ರಶ್ನೆ. ಇಲ್ಲಿ ಓಡುವ ಗನ್ನುಗಳ ನಾಝಲ್ ತೂತು ಡ್ರಿಲ್ ಬಿಟ್ಟು ಹಾಕಿ ಅಳೆದೆ. ಹೆಚ್ಚಿನವು 2 ಮಿಮೀ. ಸವೆದದ್ದು ಇನ್ನೂ ದೊಡ್ಡದು. 0.3 ಅಂತ ಹೇಳಿದ್ದು ಸ್ಯಾಂಪಲ್ ಹಾಗಿತ್ತು ಅಂತ ಅಷ್ಟೇ. ಆ ಫಿಲ್ಟರ್ ಬಂದದ್ದು ಕಳೆನಾಶಕ ಬಿಡುವ ಸಣ್ಣ ತೂತಿನ ಗನ್ನಿನಿಂದ ಅಂತ ಈಗ ಗಿರಾಕಿಯನ್ನು ಕೇಳಿದಾಗ ಗೊತ್ತಾಯಿತು.

ಹೊಸೂರು ಟೂಲ್‌ರೂಮ್

ಹಾಗಾದರೆ ವಿಷಯವೇ ಬೇರೆ. ನಾಝಲ್ ತೂತಿನ ಮೂರನೇ ಒಂದು ಪಾಲಿನಷ್ಟು ಸೀಳಿದ್ದರೆ ನಿಮಗೆ ಧಾರಾಳ. 2 ಮಿಮೀಗೆ 0.6 ಅಥವಾ 0.7. ಅದಕ್ಕಿಂತ ಸಪೂರ ಮಾಡಿದರೆ ನಾಝಲ್‌ನಲ್ಲಿ ಸಲೀಸಾಗಿ ಹೋಗುತ್ತಿದ್ದ ನುಣ್ಣನೆ ಸುಣ್ಣವನ್ನೂ ಫಿಲ್ಟರ್ ಹಿಡಿದಿಡುತ್ತದೆ. ನಾಝಲ್ ಕಟ್ಟುವ ಬದಲು ಫಿಲ್ಟರ್ ಕಟ್ಟುತ್ತದೆ. ದೋಟಿ ಇಳಿಸುವುದು ತಪ್ಪುವುದಿಲ್ಲ.

ಮುಳ್ಳೇರಿಯ ತೋಟ

ಹಾಗಿದ್ದರೆ ಡ್ರಿಪ್‌ಗೆ ಯಾಕೆ ಅಷ್ಟು ಸಪೂರ? 120 ಮೆಷ್ ಅಂದರೆ ಎಷ್ಟಾಗುತ್ತದೆ?

ಹೊಸೂರು ಟೂಲ್‌ರೂಮ್

ಬಲೆಯ ಒಂದೊಂದು ಕಣ್ಣು ಸುಮಾರು 0.13 ಮಿಮೀ ಅಕ್ಕ. ಡ್ರಿಪ್ಪರ್ ಒಳಗೆ ನೀರು ಸಪೂರ ಅಂಕುಡೊಂಕು ದಾರಿಯಲ್ಲಿ ನಿಧಾನವಾಗಿ ಹೋಗುತ್ತದೆ, ಸಣ್ಣ ಕಣವೂ ಅಲ್ಲಿ ಕೂತು ಬೆಳೆಯುತ್ತದೆ. ಗನ್ನಿನಲ್ಲಿ ಹಾಗಲ್ಲ. ರಭಸಕ್ಕೆ ಸಣ್ಣದೆಲ್ಲ ಹಾರಿ ಹೋಗುತ್ತದೆ. ದೊಡ್ಡ ಹರಳು ನಿಂತರೆ ಸಾಕು.

ಜತ್ತ ಸಕ್ಕರೆ ಫ್ಯಾಕ್ಟರಿ

ನಮಸ್ಕಾರ ರೀ. ನಾನು ಸಾಂಗ್ಲಿ ಜಿಲ್ಲೆ ಜತ್ತ ಕಡೆಯವನು. ಸಕ್ಕರೆ ಕಾರ್ಖಾನೆಯ ಸೆಂಟ್ರಿಫ್ಯೂಗಲ್ (ಜೋರಾಗಿ ತಿರುಗಿಸಿ ಹರಳು, ಕಾಕಂಬಿ ಬೇರೆ ಮಾಡುವ) ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು. ನಿಮ್ಮ ಮದ್ದಿನ ಗನ್ನು ನನಗೆ ಗೊತ್ತಿಲ್ಲ, ಸೀಳಿನ ಜಾಳಿಗೆ ಮಾತ್ರ ಚಲೋ ಗೊತ್ತು.

ನಮ್ಮ ಕಂಟಿನ್ಯೂಅಸ್ ಮೆಷಿನ್ನಿನಾಗಿನ ಜಾಳಿಗೆ ನಿಕಲ್‌ದು. ತಗಡು ಕೊರೆದು ಮಾಡಿದ್ದಲ್ಲ, ವಿದ್ಯುತ್ ಹಾಯಿಸಿ ದ್ರಾವಣದೊಳಗಿನ ನಿಕಲ್ಲನ್ನೇ ಅಚ್ಚಿನ ಮೇಲೆ ಬೆಳೆಸಿದ್ದು. ಮೇಲೆ ಕ್ರೋಮಿಯಂ ಲೇಪ. ಸೀಳು 0.06 ಮಿಮೀ ಆಸುಪಾಸು. ಕಾಕಂಬಿ ಹೊರಗೆ ಹೋಗಬೇಕು, ಸಕ್ಕರೆ ಹರಳು ನಿಲ್ಲಬೇಕು. ಅದು ನಿಮಗೆ ಬೇಡವೇ ಬೇಡ, ಭಾರಿ ತುಟ್ಟಿ. ನಾನು ಹೇಳಬೇಕಾದ್ದು ಬೇರೆ.

ಆ ಸೀಳಿನ ಬಾಯಿ ಹರಳು ಬರುವ ಕಡೆ ಸಣ್ಣದು, ಹಿಂದಿನ ಕಡೆ ಅಗಲ. ಹಿಂಗಾಗಿ ಬಾಯಿ ದಾಟಿದ ಕಣ ನಡುವೆ ಎಲ್ಲೂ ಸಿಕ್ಕಿಕೊಳ್ಳೋದಿಲ್ಲ, ನೇರ ಹೊರಗೆ. ಜಾಳಿಗೆ ತಿರುಗಿಸಿ ಹಾಕಿದರೆ ಸ್ವಲ್ಪ ಹೊತ್ತಿಗೇ ಕಟ್ಟುತ್ತದೆ. ಬೋರ್‌ವೆಲ್ಲಿಗೆ ಹಾಕುವ ತ್ರಿಕೋನ ತಂತಿಯ ಸ್ಕ್ರೀನ್ ನೋಡ್ರಿ, ಅದರಲ್ಲಿಯೂ ಇದೇ ನಿಯಮ. ಚಪ್ಪಟೆ ಮುಖ ಮರಳಿನ ಕಡೆ, ಚೂಪು ಒಳಗಡೆ. ಪಂಚ್ ಹೊಡೆದ ತಗಡಿಗೂ ಎರಡು ಮುಖ ಇರ್ತಾವ. ಪಂಚ್ ಹೊಕ್ಕ ಕಡೆ ಸೀಳು ಅಳತೆಗೆ ಸರಿ, ಹೊರಬಿದ್ದ ಕಡೆ ತುಸು ಅಗಲ. ಹೊಕ್ಕ ಮುಖವನ್ನೇ ಪಂಪಿನ ಕಡೆ ಇಡಬೇಕು. ಇದನ್ನು ಮಾಡುವಾಗಲೇ ಗುರುತು ಹಾಕಿ ಕೊಡ್ರಿ, ತೋಟದಾಗ ಯಾರೂ ಲೆನ್ಸ್ ಹಿಡಿದು ನೋಡಂಗಿಲ್ಲ.

ಪೆರ್ಲ ವರ್ಕ್‌ಶಾಪ್

ಕಾಕಾ, ಇದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತುಂಬಾ ಉಪಕಾರ. ಹೊಸೂರಿನ ಸರ್, 0.8 ಸೀಳಿನ ಡೈಗೆ ಎಷ್ಟು ಟನ್ನಿನ ಪ್ರೆಸ್ ಬೇಕಾಗುತ್ತದೆ? ನಮ್ಮ ಕಡೆ ಹಾಳೆತಟ್ಟೆ ಮಾಡುವ ಹೈಡ್ರಾಲಿಕ್ ಪ್ರೆಸ್ ಊರೂರಲ್ಲಿ ಉಂಟು. ಅದರಲ್ಲಿ ಆಗುತ್ತದಾ?

ಹೊಸೂರು ಟೂಲ್‌ರೂಮ್

ಲೆಕ್ಕ ಸುಲಭ. ಸೀಳಿನ ಸುತ್ತಳತೆ, ತಗಡಿನ ದಪ್ಪ, ಲೋಹ ಕತ್ತರಿಸುವ ಬಲ, ಮೂರನ್ನೂ ಗುಣಿಸಿ. 8 ಮಿಮೀ ಉದ್ದ, 0.8 ಅಗಲದ ಸೀಳಿಗೆ ಸುತ್ತಳತೆ 17.6 ಮಿಮೀ. ದಪ್ಪ 0.5. ಸ್ಟೇನ್‌ಲೆಸ್ಸಿಗೆ ಚದರ ಮಿಮೀಗೆ 450 ನ್ಯೂಟನ್ ಹಿಡಿದರೆ ಒಂದು ಸೀಳಿಗೆ ಸುಮಾರು 400 ಕೆಜಿ. 20 ಸೀಳು ಒಟ್ಟಿಗೆ ಹೊಡೆದರೆ 8 ಟನ್. ಅರ್ಧ ಪಂಚುಗಳನ್ನು ತಗಡಿನ ದಪ್ಪದಷ್ಟು ಗಿಡ್ಡ ಮಾಡಿದರೆ ಎರಡು ಹಂತದಲ್ಲಿ ಕತ್ತರಿಸುತ್ತದೆ, 4 ಟನ್ ಸಾಕು. 10 ಟನ್ ಪ್ರೆಸ್ ಆರಾಮಾಗಿ ತಡೆಯುತ್ತದೆ.

ಹಾಳೆತಟ್ಟೆ ಪ್ರೆಸ್ಸಿಗೆ ಬಲ ಇದೆ, ಆದರೆ ಅದರ ಮೇಲಿನ ಪ್ಲೇಟು ಆಚೀಚೆ ಅಲ್ಲಾಡುತ್ತದೆ. ಹಾಳೆ ಒತ್ತಲು ಅದು ತೊಂದರೆ ಇಲ್ಲ. ಇಲ್ಲಿ ಪಂಚ್‌ಗೂ ಡೈಗೂ ನಡುವೆ ಒಂದೊಂದು ಬದಿ ಬಿಡುವ ಸಂದು 0.04 ಮಿಮೀ ಮಾತ್ರ. ಸ್ವಲ್ಪ ಅಲ್ಲಾಡಿದರೂ ಪಂಚ್ ಹೋಯಿತು. ಗೈಡ್ ಪಿಲ್ಲರ್ ಇರುವ ಡೈ ಸೆಟ್ ಮಾಡಿಸಿದರೆ ಅಲುಗಾಟವನ್ನು ಪಿಲ್ಲರ್ ತಡೆಯುತ್ತದೆ. ತಗಡನ್ನು ಒತ್ತಿಹಿಡಿಯುವ ಸ್ಟ್ರಿಪ್ಪರ್ ಪ್ಲೇಟ್ ಕೂಡ ಬೇಕೇ ಬೇಕು. ಪಂಚಿಗೆ ಡಿ2 ಸ್ಟೀಲ್, ಹದ ಹಾಕಿಸಿ.

ಇನ್ನು ಮುಖ್ಯ ಮಾತು. ಡೈ ಖರ್ಚು ಐನೂರು ಬಿಲ್ಲೆಯ ಮೇಲೆ ಹಂಚಿದರೆ ನಿಮಗೆ ಭಾರ. ಸಾವಿರಾರು ಆಗುವುದಾದರೆ ಮಾತ್ರ ಡೈಗೆ ಕೈ ಹಾಕಿ. ನನ್ನದೇ ಕಸುಬಾದರೂ ಈಗಲೇ ಮಾಡಿಸಿ ಅಂತ ಹೇಳುವುದಿಲ್ಲ.

ಸೀತಾಂಗೋಳಿ ಲೇತ್

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. 0.6 ಸೀಳು ಸಾಕು ಅಂತಾದ ಮೇಲೆ ನಾನೊಂದು ಮಾತು ಹೇಳಬೇಕು. ಬಿಲ್ಲೆ ಯಾಕೆ ಬೇಕು? ಕೊಳವೆ ಮಾಡಿ. ಸ್ಟೇನ್‌ಲೆಸ್ ಯಾಕೆ? ಹಿತ್ತಾಳೆ ಮಾಡಿ. ಡೈ ಬೇಡ, ಲೇಸರ್ ಬೇಡ, ನನ್ನ ಲೇತಿನಲ್ಲೇ ಆಗುತ್ತದೆ.

12 ಮಿಮೀ ಹಿತ್ತಾಳೆ ರಾಡ್ ತೆಗೆದುಕೊಳ್ಳಿ. ಫ್ರೀ ಕಟಿಂಗ್ ರಾಡ್, ಐಎಸ್ 319 ಅಂತ ಕೇಳಿದರೆ ಕೊಡುತ್ತಾರೆ. ಒಂದು ಕಡೆಯಿಂದ 10 ಮಿಮೀ ತೂತು ಕೊರೆಯಿರಿ, ಇನ್ನೊಂದು ತುದಿ ಮುಚ್ಚಿಯೇ ಇರಲಿ. ಬೆಸುಗೆ ಬೇಡ. ಈಗ 1 ಮಿಮೀ ಗೋಡೆಯ ಟೋಪಿ ಸಿಕ್ಕಿತು. ಇದಕ್ಕೆ ಅಡ್ಡಕ್ಕೆ ಸೀಳು ಹಾಕುವುದು ಸ್ಲಿಟಿಂಗ್ ಸಾ, ಅಂದರೆ ತೆಳು ಗರಗಸದ ಚಕ್ರದಿಂದ. 63 ಮಿಮೀ ವ್ಯಾಸ, 0.6 ದಪ್ಪದ ಚಕ್ರ. ಎಂಟು ಚಕ್ರ ಒಂದೇ ಆರ್ಬರಿನಲ್ಲಿ (ಚಕ್ರ ಕೂರಿಸುವ ದಂಡ) ಪೋಣಿಸಿ, ನಡುವೆ 1.2 ಮಿಮೀ ವಾಷರ್. ಆರ್ಬರ್ ಲೇತಿನ ಸೆಂಟರುಗಳ ನಡುವೆ ತಿರುಗುತ್ತದೆ, ಟೋಪಿಯನ್ನು ಟೂಲ್‌ಪೋಸ್ಟಿನ ಜಾಗದಲ್ಲಿ ಕ್ಲ್ಯಾಂಪ್ ಮಾಡಬೇಕು. ಕ್ರಾಸ್ ಸ್ಲೈಡಿನಲ್ಲಿ 3 ಮಿಮೀ ಒಳಗೆ ತಳ್ಳಿದರೆ ಎಂಟು ಸೀಳು ಒಟ್ಟಿಗೆ. ಹಿಂದೆ ಎಳೆದು, ಅರ್ಧ ಸುತ್ತು ತಿರುಗಿಸಿ, ಮತ್ತೊಮ್ಮೆ ತಳ್ಳಿ. ಹದಿನಾರು ಸೀಳು ಮುಗಿಯಿತು.

3 ಮಿಮೀ ಆಳಕ್ಕೆ ಒಳಗಡೆ 8 ಮಿಮೀ ಉದ್ದದ ಸೀಳು ತೆರೆಯುತ್ತದೆ. ಒಂದು ಸೀಳಿಗೆ 4.8 ಚದರ ಮಿಮೀ, ಹದಿನಾರಕ್ಕೆ 77 ಆಸುಪಾಸು. 2 ಮಿಮೀ ನಾಝಲ್ ತೂತು ಬರೀ 3.14. ಇಪ್ಪತ್ತು ಪಟ್ಟಿಗಿಂತ ಜಾಸ್ತಿ ದಾರಿ ಸಿಕ್ಕಿತಲ್ಲ? ಅರ್ಧಕ್ಕರ್ಧ ಕಟ್ಟಿದರೂ ಮದ್ದು ನಿಲ್ಲುವುದಿಲ್ಲ. ಆ ಬಿಲ್ಲೆಯಲ್ಲಿ 40 ಸೀಳು ಇದ್ದದ್ದು ಸೀಳು ಸಪೂರ ಅಂತ.

ಎರಡು ಬದಿಯಲ್ಲಿ ಕತ್ತರಿಸದೆ ಉಳಿದ ಪಟ್ಟಿ ಒಂದೊಂದು 6 ಮಿಮೀ ಅಗಲ ಇರುತ್ತದೆ, ಗಟ್ಟಿ. ಮದ್ದು ಹೊರಗಿನಿಂದ ಒಳಗೆ ಹೋಗುವ ಹಾಗೆ ಕೂರಿಸಿ. ಆಗ ಒತ್ತಡ ಬಂದರೂ ಆ ಉಂಗುರಗಳು ಕಮಾನಿನ ಹಾಗೆ ತಡೆಯುತ್ತವೆ.

ಮಂಜೇಶ್ವರ ಸಿಎನ್‌ಸಿ

ಅಣ್ಣ, ಭಾರೀ ಲಾಯ್ಕ ಉಪಾಯ. ಸ್ಪೀಡ್ ಎಷ್ಟು ಇಡುತ್ತೀರಿ? ಸ್ಟೇನ್‌ಲೆಸ್ಸಿನಲ್ಲಿ ಅಷ್ಟು ತೆಳು ಸಾ ಹಾಕಿದರೆ ಹಲ್ಲು ಉಳಿಯುವುದಿಲ್ಲ.

ಸೀತಾಂಗೋಳಿ ಲೇತ್

ಅದಕ್ಕೇ ಹಿತ್ತಾಳೆ ಹೇಳಿದ್ದು. ಸ್ಟೇನ್‌ಲೆಸ್ ಉಜ್ಜಿದಷ್ಟೂ ಗಟ್ಟಿಯಾಗುತ್ತದೆ. ಹಿತ್ತಾಳೆಗೆ ನಿಮಿಷಕ್ಕೆ 250 ಸುತ್ತು ಇಟ್ಟರೆ ಚಕ್ರ ಬೆಣ್ಣೆ ತೆಗೆದ ಹಾಗೆ ಹೋಗುತ್ತದೆ ಅಂತ ಹೇಳುವುದಿಲ್ಲ, ನಿಧಾನಕ್ಕೆ ತಳ್ಳಬೇಕು, ಎಂಟು ಚಕ್ರ ಅಲ್ವಾ. ಕೊರೆದ ಚೂರಿಗೂ ಗುಜರಿಯಲ್ಲಿ ಬೆಲೆ ಉಂಟು, ಅದನ್ನು ಬೇರೆಯೇ ತೆಗೆದಿಡಿ. ಕಬ್ಬಿಣದ ಚೂರು ಬೆರೆತರೆ ರೇಟು ಬಿದ್ದುಹೋಗುತ್ತದೆ.

ಒಳಗೆ ಮುಳ್ಳು ಏಳುತ್ತದೆ, ಅದಕ್ಕೊಂದು ಕ್ರಮ ಉಂಟು. ಮೊದಲು 9.8 ಬಿಟ್ಟಿನಲ್ಲಿ ಕೊರೆಯಿರಿ. ಸೀಳು ಹಾಕಿದ ಮೇಲೆ 10 ಮಿಮೀ ರೀಮರ್ ಕೈಯಲ್ಲೇ ತಿರುಗಿಸಿ. ಮುಳ್ಳೆಲ್ಲ ಕೆರೆದು ಬರುತ್ತದೆ. ಸೀಳಿನೊಳಗೆ ಏನಾದರೂ ಮಡಚಿ ಕೂತಿದ್ದರೆ ಹ್ಯಾಕ್‌ಸಾ ಬ್ಲೇಡಿನಿಂದ ಸವೆಸಿ ಮಾಡಿದ ತೆಳು ಪಟ್ಟಿ ಎಳೆದರೆ ಆಯಿತು.

ಕುಂಬಳೆ ಎಲೆಕ್ಟ್ರಾನಿಕ್ಸ್

ಮೈಲುತುತ್ತು ಹಿತ್ತಾಳೆಯನ್ನು ತಿನ್ನುವುದಿಲ್ಲವಾ? ಕಬ್ಬಿಣದ ಬಕೆಟ್‌ನಲ್ಲಿ ಕಲಸಬಾರದು ಅಂತ ಅಜ್ಜ ಹೇಳುತ್ತಿದ್ದರು.

ಬದಿಯಡ್ಕ ಮಾಷ್ಟ್ರು

ಅಜ್ಜ ಹೇಳಿದ್ದು ಸರಿ. ಮೈಲುತುತ್ತಿನ ನೀರಿಗೆ ಕಬ್ಬಿಣ ಹಾಕಿದರೆ ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂರುತ್ತದೆ. ಬೋರ್ಡೋ ದ್ರಾವಣ ಹದಕ್ಕೆ ಬಂತಾ ಅಂತ ನೋಡುವುದೂ ಹಾಗೇ ಅಲ್ವಾ. ಉಜ್ಜಿದ ಚೂರಿ ಅದ್ದಿ ಸ್ವಲ್ಪ ಹೊತ್ತು ಬಿಡಬೇಕು. ಕೆಂಪು ತಾಮ್ರ ಅಂಟಿದರೆ ಸುಣ್ಣ ಸಾಲದು, ಇನ್ನೂ ಸುಣ್ಣದ ತಿಳಿ ಸೇರಿಸಬೇಕು. ಸುಣ್ಣ ಸರಿಯಾಗಿ ಬಿದ್ದ ದ್ರಾವಣಕ್ಕೆ ಹಿತ್ತಾಳೆ ಚೆನ್ನಾಗಿ ಬಾಳುತ್ತದೆ. ಗನ್ನಿನ ಮೈಯೇ ಎಷ್ಟೋ ಕಡೆ ಹಿತ್ತಾಳೆಯದ್ದು. ಕೆಲಸ ಆದ ಮೇಲೆ ಒಂದು ಬಕೆಟ್ ಒಳ್ಳೆ ನೀರು ಓಡಿಸಬೇಕು, ಅಷ್ಟೇ. ಈ ಫ್ರೀ ಕಟಿಂಗ್ ಹಿತ್ತಾಳೆಯಲ್ಲಿ ಸೀಸ ಇರುತ್ತದೆ. ಹಾಗಾಗಿ ಕುಡಿಯುವ ನೀರಿನ ಫಿಲ್ಟರಿಗೆ ಇದನ್ನು ಯಾರೂ ಬಳಸಬೇಡಿ.

1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದ ಕಾಲದಿಂದಲೂ ನಾವು ಇದೇ ಮದ್ದು ನಂಬಿಕೊಂಡು ಬಂದಿದ್ದೇವೆ. 100 ಲೀಟರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ನಾಝಲ್ ಕಟ್ಟುವುದಕ್ಕೆ ಅರ್ಧ ಕಾರಣ ಆ ಸುಣ್ಣದಲ್ಲೇ ಉಂಟು. ಬೇಯದ ಚಿಪ್ಪಿನ ಚೂರು ಎಷ್ಟು ನೆನೆಸಿದರೂ ಕರಗುವುದಿಲ್ಲ. ಸುಣ್ಣದ ತಿಳಿಯನ್ನು ಮೊದಲೇ ಬಟ್ಟೆಯಲ್ಲಿ ಸೋಸಿ. ಗೋಣಿಯಲ್ಲಿ ಸೋಸಬೇಡಿ, ಅದರ ನಾರು ಬಿಟ್ಟುಕೊಳ್ಳುತ್ತದೆ. ನಾರು ಉದ್ದುದ್ದಕ್ಕೆ ಸೀಳಿನಲ್ಲಿ ನುಸುಳಿ ನಾಝಲ್‌ನಲ್ಲಿ ಉಂಡೆ ಕಟ್ಟುತ್ತದೆ, ಸೀಳಿನ ಫಿಲ್ಟರಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಕಲಸಿದ ಮದ್ದನ್ನು ಅದೇ ದಿನ ಮುಗಿಸಿ. ಮರುದಿನಕ್ಕೆ ಇಟ್ಟರೆ ನುಣ್ಣನೆ ಗಸಿ ಹರಳುಗಟ್ಟುತ್ತದೆ. ಕಟ್ಟುವುದೂ ಜಾಸ್ತಿ, ಎಲೆಗೆ ಅಂಟುವುದೂ ಕಡಿಮೆ.

ಪೆರ್ಲ ವರ್ಕ್‌ಶಾಪ್

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಸೀತಾಂಗೋಳಿ ಅಣ್ಣನ ಲೇತಿನಲ್ಲಿ ಸ್ಯಾಂಪಲ್ ಮಾಡಿದೆವು. ಬೇಕೆಂದೇ ಸುಣ್ಣ ಸೋಸದೆ ಮದ್ದು ಕಲಸಿ ಗನ್ನಿಗೆ ಬಿಟ್ಟೆವು. ಒಂದು ಬ್ಯಾರೆಲ್ ಖಾಲಿಯಾದ ಮೇಲೆ ಬಿಚ್ಚಿ ನೋಡಿದರೆ ಟೋಪಿಯ ಹೊರಗಡೆ ಅಕ್ಕಿನುಚ್ಚಿನಷ್ಟು ದೊಡ್ಡ ಚಿಪ್ಪಿನ ಚೂರು ಸಾಲಾಗಿ ಸೀಳಿನ ಬಾಯಲ್ಲಿ ಕೂತಿತ್ತು. ಒಳಗಡೆ ನುಣ್ಣನೆ ನೀಲಿ ಗಸಿ ಬಿಟ್ಟರೆ ಏನೂ ಇಲ್ಲ. ನಾಝಲ್ ಒಮ್ಮೆಯೂ ಕಟ್ಟಲಿಲ್ಲ. ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ಎಳೆದರೆ ಚೂರೆಲ್ಲ ಉದುರಿತು.

ಖರ್ಚು ರಾಡಿನದ್ದು ಮತ್ತು ಕೂಲಿಯದ್ದು ಮಾತ್ರ. ಚೂರಿನ ಗುಜರಿ ದುಡ್ಡು ಕಳೆದರೆ ಲೇಸರ್‌ನವರು ಹೇಳಿದ ದರದ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಚಕ್ರ ಸವೆಯುವ ಲೆಕ್ಕ ಮಾತ್ರ ಇನ್ನೂ ಕೈಗೆ ಬಂದಿಲ್ಲ, ಐನೂರು ಮುಗಿದ ಮೇಲೆ ಇಲ್ಲೇ ಬರೆಯುತ್ತೇನೆ. ಹೊಸೂರಿನ ಸರ್, ಬೇಡಿಕೆ ಸಾವಿರಾರಿಗೆ ಹೋದರೆ ನಿಮ್ಮ ಡೈಗೇ ಬರುವುದು, ಜತ್ತದ ಕಾಕಾ ಹೇಳಿದ ಗುರುತಿನ ಸಮೇತ.

ಮುಳ್ಳೇರಿಯ ತೋಟ

ಕೇಳಿ ಖುಷಿಯಾಯಿತು ತಮ್ಮಾ. ನಮಗೂ ಬೇಕು, ನೆರೆಮನೆಯವರಿಗೂ ಬೇಕು. ಆದರೆ ದೋಟಿಯ ತುದಿಯಲ್ಲಿರುವುದು ಗನ್ನಲ್ಲ, ಸಣ್ಣ ನಾಝಲ್. ಅದರೊಳಗೆ 12 ಮಿಮೀ ಟೋಪಿ ಹಿಡಿಯುತ್ತದಾ?

ಪೆರ್ಲ ವರ್ಕ್‌ಶಾಪ್

ತುದಿಯಲ್ಲಿ ಹಿಡಿಯಲಿಕ್ಕಿಲ್ಲ ಅಕ್ಕಾ, ಅಲ್ಲಿ ಬೇಡವೂ ಬೇಡ. ದೋಟಿಯ ಬುಡದಲ್ಲಿ, ಪೈಪು ಸೇರುವ ಗೇಟ್‌ವಾಲ್ವಿನ ಹತ್ತಿರ ಹಾಕುವ. ಕಟ್ಟಿದರೆ ದೋಟಿ ಇಳಿಸದೆ ಕೈಯಲ್ಲೇ ಬಿಚ್ಚಿ ತೊಳೆಯಬಹುದು. ಹಾಕುವ ಮುಂಚೆ ಒಳಗಿನ ಪೈಪನ್ನು ಒಮ್ಮೆ ಒಳ್ಳೆ ನೀರಿನಲ್ಲಿ ತೊಳೆದುಬಿಡಿ, ಫಿಲ್ಟರಿನಿಂದ ಮೇಲೆ ಹಳೆ ಸುಣ್ಣ ಉಳಿದಿದ್ದರೆ ಅದೇ ಹೋಗಿ ಕಟ್ಟುತ್ತದೆ. ನಿಮ್ಮ ನಾಝಲ್ ತೂತು ಎಷ್ಟು ಮಿಮೀ ಅಂತ ಅಳೆದು ಹೇಳಿ. 1.2 ಅಥವಾ ಅದಕ್ಕಿಂತ ಸಣ್ಣದಾದರೆ 0.4 ದಪ್ಪದ ಚಕ್ರ ಹಾಕಿ ಬೇರೆಯೇ ಮಾಡಬೇಕು.

ಮುಳ್ಳೇರಿಯ ತೋಟ

ನಾಳೆ ಬೆಳಿಗ್ಗೆ ದೋಟಿ ಬಿಚ್ಚಿಸಿ ಅಳೆದು ಇಲ್ಲೇ ಹಾಕುತ್ತೇನೆ.